ಜರ್ಸಿಯ ಮೇಲಿಲ್ಲದ ಧ್ವಜ

2024ರ ಫೆಬ್ರುವರಿ 4ರಂದು ಹಾಂಗ್‌ಕಾಂಗ್ ಕ್ರೀಡಾಂಗಣದಲ್ಲಿ ಅಮೆರಿಕದ ಇಂಟರ್ ಮಯಾಮಿ ಕ್ಲಬ್ಬು ಆತಿಥೇಯರ ಆಯ್ದ ತಂಡವನ್ನು 4–1 ಗೋಲುಗಳಿಂದ ಸೋಲಿಸಿತು. ಗೋಲುಗಳ ಲೆಕ್ಕ ಇಂದು ಹೆಚ್ಚಿನವರಿಗೆ ಮರೆತೇ ಹೋಗಿದೆ. ನೆನಪಿನಲ್ಲಿ ಉಳಿದಿರುವುದು ಬೇರೆ ಸಂಗತಿಗಳು: ಗಾಯದ ಕಾರಣದಿಂದ ಲಯೊನೆಲ್ ಮೆಸ್ಸಿ ಇಡೀ ಪಂದ್ಯ ಬೆಂಚಿನ ಮೇಲೆ ಕುಳಿತೇ ಇದ್ದುದು, ಸುಮಾರು 38 ಸಾವಿರ ಪ್ರೇಕ್ಷಕರು ಮೊದಲು ಅವರ ಹೆಸರನ್ನು ಕೂಗಿ, ಕೊನೆಕೊನೆಗೆ ಟಿಕೆಟ್ಟಿನ ಹಣ ವಾಪಸು ಕೊಡಿ ಎಂದು ಕೂಗತೊಡಗಿದ್ದು, ಪಂದ್ಯದ ಬಳಿಕ ಕ್ಲಬ್ಬಿನ ಸಹಮಾಲೀಕ ಡೇವಿಡ್ ಬೆಕಮ್ ಧನ್ಯವಾದ ಹೇಳಲು ಮೈಕು ಹಿಡಿದಾಗ ಗೇಲಿಯ ಸದ್ದು ಎದ್ದದ್ದು. ಮೂರು ದಿನಗಳ ನಂತರ ಟೋಕಿಯೊದಲ್ಲಿ ವಿಸೆಲ್ ಕೋಬೆ ತಂಡದ ವಿರುದ್ಧ ಅದೇ ಮೆಸ್ಸಿ ಕೊನೆಯ ಅರ್ಧ ಗಂಟೆ ಆಡಿದರು. ಅಲ್ಲಿಗೆ ಪ್ರೇಕ್ಷಕರ ಅಸಮಾಧಾನ ಬೇರೆಯೇ ರೂಪ ತಾಳಿತು. ಮಾರ್ಚ್ ತಿಂಗಳಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಮೆಸ್ಸಿಯ ದೇಶವಾದ ಅರ್ಜೆಂಟೀನಾದ ರಾಷ್ಟ್ರೀಯ ತಂಡವು ನೈಜೀರಿಯಾದ ವಿರುದ್ಧ ಆಡಬೇಕಿದ್ದ ಪಂದ್ಯವನ್ನು ಅಲ್ಲಿನ ಕ್ರೀಡಾ ಅಧಿಕಾರಿಗಳು ರದ್ದು ಮಾಡಿದರು. ಬೀಜಿಂಗ್‌ನಲ್ಲಿ ಐವರಿ ಕೋಸ್ಟ್ ವಿರುದ್ಧ ನಡೆಯಬೇಕಿದ್ದ ಪಂದ್ಯವೂ ಕೈಬಿಟ್ಟುಹೋಯಿತು.

ಈ ಪ್ರಸಂಗವನ್ನು ನಾನು ಅಂದಿನಿಂದ ಹಲವು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಇಂಟರ್ ಮಯಾಮಿ ಎನ್ನುವುದು ಅಮೆರಿಕದ ಲೀಗಿನಲ್ಲಿ ಆಡುವ ಒಂದು ಖಾಸಗಿ ಕ್ಲಬ್ಬು. ಮೆಸ್ಸಿ ಹಾಂಗ್‌ಕಾಂಗ್‌ಗೆ ಹೋದದ್ದು ಆ ಕ್ಲಬ್ಬಿನ ಸಂಬಳ ಪಡೆಯುವ ಆಟಗಾರನಾಗಿ. ಲೀಗು ಶುರುವಾಗುವ ಮುನ್ನ ಮೈ ಸಡಿಲಿಸಿಕೊಳ್ಳಲು, ಜೊತೆಗೆ ನಾಲ್ಕು ಕಾಸು ಸಂಪಾದಿಸಲು ಕ್ಲಬ್ಬು ಕೈಗೊಂಡಿದ್ದ ಪ್ರವಾಸ ಅದು. ಅರ್ಜೆಂಟೀನಾದ ಫುಟ್‌ಬಾಲ್ ಸಂಸ್ಥೆಗೂ ಆ ಪಂದ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಯಾರದಾದರೂ ತಪ್ಪಿದ್ದರೆ ಅದು ಕ್ಲಬ್ಬಿನದು ಅಥವಾ ಸಂಘಟಕರದು. ಪೆಟ್ಟು ಬಿದ್ದದ್ದು ಮಾತ್ರ ಒಂದು ದೇಶದ ತಂಡಕ್ಕೆ. ತಾನು ಯಾವ ರಾಜಕೀಯ ಕಾರಣಕ್ಕೂ ಆಟದಿಂದ ಹೊರಗುಳಿಯಲಿಲ್ಲ ಎಂದು ಸ್ವತಃ ಮೆಸ್ಸಿಯೇ ವೀಡಿಯೊ ಮೂಲಕ ಚೀನಾದ ಜನರಿಗೆ ಹೇಳಬೇಕಾಗಿ ಬಂದಿತು.

ಅಭ್ಯಾಸಕ್ಕೆಂದು ಆಡುವ ಪಂದ್ಯವೊಂದು ದೇಶದ ಮಾನದ ಪ್ರಶ್ನೆಯಾಗುವುದಾದರೆ, ಹೀಗೆ ಊರೂರು ತಿರುಗಿ ಪ್ರದರ್ಶನ ಪಂದ್ಯಗಳನ್ನು ಆಡುವ ಕ್ಲಬ್ಬುಗಳು ನಿಜವಾಗಿ ತಮ್ಮ ದೇಶವನ್ನು ಪ್ರತಿನಿಧಿಸುತ್ತವೆಯೇ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಮೊಬೈಲಿನಲ್ಲಿ ಸ್ಕೋರು ನೋಡುವಾಗ ಕ್ಲಬ್ಬಿನ ಹೆಸರಿನ ಪಕ್ಕದಲ್ಲಿ ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಧ್ವಜ ಕಾಣಿಸುತ್ತದೆ. ಜುಲೈ ತಿಂಗಳಲ್ಲಿ ಒಂದು ಇಂಗ್ಲಿಷ್ ಕ್ಲಬ್ಬು ಒಂದು ಸ್ಪ್ಯಾನಿಷ್ ಕ್ಲಬ್ಬನ್ನು ಮೂರನೆಯ ದೇಶವೊಂದರಲ್ಲಿ ಎದುರಿಸುತ್ತಿರುವಾಗ ಆ ಎರಡು ಪುಟ್ಟ ಧ್ವಜಗಳು ಎದುರುಬದುರಾಗಿ ನಿಂತಿರುವುದನ್ನು ನೋಡಿದರೆ, ಎರಡು ದೇಶಗಳೇ ಆಡುತ್ತಿವೆ ಎಂಬ ಭಾವನೆ ತಾನಾಗಿಯೇ ಹುಟ್ಟುತ್ತದೆ. ಆಟಗಾರರ ಜರ್ಸಿಯಲ್ಲಿ ಹುಡುಕಿದರೆ ಪ್ರಾಯೋಜಕರ ಹೆಸರು ಇರುತ್ತದೆ, ಕ್ಲಬ್ಬಿನ ಲಾಂಛನ ಇರುತ್ತದೆ, ಧ್ವಜ ಇರುವುದಿಲ್ಲ.

ನಿಯಮಗಳ ಮಟ್ಟಿಗೆ ಉತ್ತರ ಸರಳವಾಗಿದೆ. ಬೇರೆ ದೇಶಕ್ಕೆ ಹೋಗಿ ಆಡುವ ಕ್ಲಬ್ಬು ತನ್ನ ದೇಶದ ಫುಟ್‌ಬಾಲ್ ಸಂಸ್ಥೆಯ ಮತ್ತು ಆತಿಥೇಯ ಸಂಸ್ಥೆಯ ಅನುಮತಿ ಪಡೆಯಬೇಕು. ಅದು ಅನುಮತಿ ಮಾತ್ರ, ನೇಮಕಾತಿಯಲ್ಲ. ನಮ್ಮ ಪರವಾಗಿ ಹೋಗಿ ಬಾ ಎಂದು ಯಾವ ಸಂಸ್ಥೆಯೂ ಹೇಳಿ ಕಳುಹಿಸುವುದಿಲ್ಲ. ಫಿಫಾ ಶ್ರೇಯಾಂಕಕ್ಕೆ ರಾಷ್ಟ್ರೀಯ ತಂಡಗಳು ಪರಸ್ಪರ ಆಡಿದ ಪಂದ್ಯಗಳು ಮಾತ್ರ ಸಲ್ಲುತ್ತವೆ. ಕ್ಲಬ್ಬುಗಳ ಸೌಹಾರ್ದ ಪಂದ್ಯದಲ್ಲಿ ಎಷ್ಟು ಬದಲಿ ಆಟಗಾರರನ್ನು ಇಳಿಸಬಹುದು ಎಂಬುದನ್ನು ಕೂಡ ಎರಡೂ ಕಡೆಯವರು ತಾವೇ ಮಾತಾಡಿಕೊಂಡು, ಆಟಕ್ಕೆ ಮುನ್ನ ರೆಫರಿಗೆ ತಿಳಿಸಿದರೆ ಸಾಕು. ವಿರಾಮದ ವೇಳೆಗೆ ಹನ್ನೊಂದಕ್ಕೆ ಹನ್ನೊಂದು ಮಂದಿಯೂ ಬದಲಾಗಿ, ಉತ್ತರಾರ್ಧದಲ್ಲಿ ಬೇರೆಯೇ ತಂಡ ಆಡುವುದನ್ನು ನಾವೆಲ್ಲ ನೋಡಿದ್ದೇವೆ. ದೇಶವನ್ನು ಪ್ರತಿನಿಧಿಸುವ ತಂಡಕ್ಕೆ ಇಂತಹ ಸಡಿಲಿಕೆ ಇರುವುದಿಲ್ಲ.

ಕ್ಲಬ್ಬುಗಳು ದೇಶದ ಲೆಕ್ಕಕ್ಕೆ ಆಡುವ ಸಂದರ್ಭವೇ ಇಲ್ಲವೆಂದಲ್ಲ. ಯುರೋಪಿನ ಚಾಂಪಿಯನ್ಸ್ ಲೀಗ್, ಯುರೋಪಾ ಲೀಗ್, ಕಾನ್ಫರೆನ್ಸ್ ಲೀಗ್ ಪಂದ್ಯಗಳಲ್ಲಿ ಒಂದು ಕ್ಲಬ್ಬು ಗೆದ್ದರೆ ಎರಡು ಅಂಕ, ಡ್ರಾ ಮಾಡಿಕೊಂಡರೆ ಒಂದು ಅಂಕ ಅದರ ದೇಶದ ಖಾತೆಗೆ ಸೇರುತ್ತದೆ. ಹಾಗೆ ಸೇರಿದ ಒಟ್ಟು ಅಂಕಗಳನ್ನು ಆ ದೇಶದಿಂದ ಆಡಿದ ಕ್ಲಬ್ಬುಗಳ ಸಂಖ್ಯೆಯಿಂದ ಭಾಗಿಸಿ, ಐದು ಋತುಗಳ ಲೆಕ್ಕವನ್ನು ಕೂಡಿಸಿ, ಮುಂದೆ ಆ ದೇಶದಿಂದ ಎಷ್ಟು ಕ್ಲಬ್ಬುಗಳು ಆಡಬಹುದೆಂದು ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ನಿರ್ಧರಿಸುತ್ತದೆ. 2024–25ರ ಋತುವಿನಿಂದ ಹಿಂದಿನ ಒಂದೇ ವರ್ಷದ ಸಾಧನೆಯ ಮೇಲೆ ಎರಡು ದೇಶಗಳಿಗೆ ಚಾಂಪಿಯನ್ಸ್ ಲೀಗಿನಲ್ಲಿ ಒಂದೊಂದು ಹೆಚ್ಚುವರಿ ಸ್ಥಾನ ಕೊಡಲಾಗುತ್ತಿದ್ದು, ಮೊದಲ ಸಲ ಅದು ಇಟಲಿ ಮತ್ತು ಜರ್ಮನಿಗೆ ದೊರೆಯಿತು. ಅಂದರೆ ತನ್ನ ಬದ್ಧ ಎದುರಾಳಿ ಕ್ಲಬ್ಬಿನ ಗೆಲುವಿನಿಂದಲೂ ಒಂದು ಕ್ಲಬ್ಬಿಗೆ ಲಾಭವಾಗಬಹುದು. ಪ್ರಾತಿನಿಧ್ಯಕ್ಕೆ ಇಷ್ಟು ಸ್ಪಷ್ಟವಾದ ಲೆಕ್ಕವೊಂದು ಇರುವಾಗ, ಆ ಲೆಕ್ಕದಲ್ಲಿ ಪ್ರದರ್ಶನ ಪಂದ್ಯಕ್ಕೆ ಎಲ್ಲಿಯೂ ಜಾಗವಿಲ್ಲ ಎಂಬುದನ್ನು ಗಮನಿಸಬೇಕು.

ಆದರೆ ನಿಯಮ ಪುಸ್ತಕವನ್ನು ಮುಚ್ಚಿಟ್ಟು ಇತಿಹಾಸದ ಕಡೆಗೆ ತಿರುಗಿದರೆ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. 1945ರ ನವೆಂಬರ್‌ನಲ್ಲಿ, ಮಹಾಯುದ್ಧ ಮುಗಿದು ಕೆಲವೇ ತಿಂಗಳಾಗಿದ್ದಾಗ, ಮಾಸ್ಕೋದ ಡೈನಮೊ ಕ್ಲಬ್ಬು ಬ್ರಿಟನ್ನಿಗೆ ಬಂದಿತು. ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಅಂಗಣಕ್ಕೆ ಡೈನಮೊ ಆಟಗಾರರು ಇಳಿದದ್ದು ಕೈಯಲ್ಲಿ ಒಂದೊಂದು ಹೂಗುಚ್ಛ ಹಿಡಿದುಕೊಂಡು. ಸಾಲಾಗಿ ನಿಂತ ಚೆಲ್ಸಿ ಆಟಗಾರರಿಗೆ ಅವನ್ನು ಒಬ್ಬೊಬ್ಬರಾಗಿ ಕೊಟ್ಟರು. ಚೆಲ್ಸಿಯವರು ಆ ದಿನ ತಮ್ಮ ನೀಲಿ ಜರ್ಸಿಯನ್ನು ಅತಿಥಿಗಳಿಗಾಗಿ ಬಿಟ್ಟುಕೊಟ್ಟು ಕೆಂಪು ತೊಟ್ಟಿದ್ದರು. ಕೆಂಪು ಜರ್ಸಿ, ಕೈ ತುಂಬ ಹೂವು, ಅದನ್ನು ಏನು ಮಾಡಬೇಕೆಂದು ತಿಳಿಯದ ಮುಜುಗರ. ಸೌಹಾರ್ದ ಪಂದ್ಯವೊಂದರ ಚಿತ್ರ ಕೊಡಿ ಎಂದರೆ ನಾನು ಇಂದಿಗೂ ಇದನ್ನೇ ಕೊಡುತ್ತೇನೆ. ಪಂದ್ಯ 3–3ರಲ್ಲಿ ಸಮವಾಯಿತು. ಆಮೇಲೆ ಡೈನಮೊ ಕಾರ್ಡಿಫ್ ಸಿಟಿಯನ್ನು 10–1ರಿಂದ ಸೋಲಿಸಿತು.

ಹೂವಿನ ಪರಿಮಳ ಆರ್ಸನಲ್ ಪಂದ್ಯದ ಹೊತ್ತಿಗೆ ಉಳಿದಿರಲಿಲ್ಲ. ಆರ್ಸನಲ್‌ನ ಹಲವು ಆಟಗಾರರು ಇನ್ನೂ ಸೇನೆಯಲ್ಲಿದ್ದುದರಿಂದ ಕ್ಲಬ್ಬು ಸ್ಟ್ಯಾನ್ಲಿ ಮ್ಯಾಥ್ಯೂಸ್, ಸ್ಟ್ಯಾನ್ ಮಾರ್ಟನ್‌ಸನ್ ಮೊದಲಾದವರನ್ನು ಬೇರೆ ಕ್ಲಬ್ಬುಗಳಿಂದ ಎರವಲು ತಂದಿತು. ಇದು ಆರ್ಸನಲ್ ಅಲ್ಲ, ಇಂಗ್ಲೆಂಡ್ ತಂಡವೇ ಎಂದು ಡೈನಮೊ ಆಕ್ಷೇಪಿಸಿತು. ಆದರೆ ಅತಿಥಿಗಳು ಕೂಡ ಮಾಸ್ಕೋದ ಸೇನಾ ಕ್ಲಬ್ಬಿನಿಂದ ವ್ಸೆವೊಲೊದ್ ಬೊಬ್ರೊವ್ ಅವರನ್ನು ಈ ಪ್ರವಾಸಕ್ಕಾಗಿ ಎರವಲು ಪಡೆದೇ ಬಂದಿದ್ದರು. ದಟ್ಟ ಮಂಜಿನಲ್ಲಿ, ಸೋವಿಯತ್ ರೆಫರಿಯ ಉಸ್ತುವಾರಿಯಲ್ಲಿ ನಡೆದ ಆ ಪಂದ್ಯವನ್ನು ಡೈನಮೊ 4–3ರಿಂದ ಗೆದ್ದಿತು. ಕೊನೆಗೆ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನ ವಿರುದ್ಧ 2–2ರ ಡ್ರಾ ಮಾಡಿಕೊಂಡು, ಒಂದೂ ಪಂದ್ಯ ಸೋಲದೆ ಊರಿಗೆ ಮರಳಿತು. ಕ್ಲಬ್ಬು ದೇಶವಾಗಿ ಬದಲಾಗುವ ಕ್ಷಣ ಯಾವುದೆಂದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಸೋಲಬಾರದು ಎಂಬ ಭಯದಿಂದ ಬೇರೆ ಕ್ಲಬ್ಬಿನ ಆಟಗಾರನನ್ನು ಕರೆತಂದ ಕೂಡಲೇ ಕ್ಲಬ್ಬಿನ ಗುರುತು ಮಸುಕಾಗುತ್ತದೆ, ದೇಶದ ಗುರುತು ಮೇಲೆದ್ದು ಬರುತ್ತದೆ. ಎರಡೂ ಕಡೆಯವರು ಅದನ್ನೇ ಮಾಡಿದರು ಮತ್ತು ಎದುರಿನವರು ಮಾಡಿದ್ದನ್ನು ಮಾತ್ರ ತಪ್ಪೆಂದರು.

ಇನ್ನೊಂದು ಪಂದ್ಯ 1954ರ ಡಿಸೆಂಬರ್ 13ರದು. ಅದು ಲೀಗು ಶುರುವಾಗುವ ಮುನ್ನ ಆಡುವ ಪಂದ್ಯವಲ್ಲ, ಚಳಿಗಾಲದ ನಡುವೆ ವುಲ್ವರ್‌ಹ್ಯಾಂಪ್ಟನ್‌ನ ಮೊಲಿನ್ಯೂ ಅಂಗಣದಲ್ಲಿ ನಡೆದ ಹೊನಲು ಬೆಳಕಿನ ಸೌಹಾರ್ದ ಪಂದ್ಯ. ಆದರೆ ಈ ವಿಷಯ ಬಂದಾಗ ಅದನ್ನು ಬಿಟ್ಟು ಮಾತಾಡಲಾಗದು. ಅದಕ್ಕೆ ಒಂದು ವರ್ಷದ ಹಿಂದೆ ಹಂಗರಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿತ್ತು. ಆರು ತಿಂಗಳ ಬಳಿಕ ಬುಡಾಪೆಸ್ಟ್‌ನಲ್ಲಿ 7–1ರಿಂದ ಮತ್ತೆ ಸದೆಬಡಿದಿತ್ತು. ಎರಡೂ ಪಂದ್ಯಗಳಲ್ಲಿ ಇಂಗ್ಲೆಂಡಿನ ನಾಯಕ ಬಿಲ್ಲಿ ರೈಟ್. ಅದೇ ಬಿಲ್ಲಿ ರೈಟ್ ವುಲ್ವರ್‌ಹ್ಯಾಂಪ್ಟನ್‌ನ ವುಲ್ವ್ಸ್ ಕ್ಲಬ್ಬಿನ ನಾಯಕರೂ ಆಗಿದ್ದರು, ಮತ್ತು ಮೊಲಿನ್ಯೂಗೆ ಬಂದದ್ದು ಪುಷ್ಕಾಶ್, ಕೊಚಿಶ್, ಬೊಜಿಕ್, ಸಿಬೊರ್ ಆಡುತ್ತಿದ್ದ ಹೊನ್ವೇದ್. ಹೊನ್ವೇದ್ ಹಂಗರಿಯ ಸೇನೆಯ ಕ್ಲಬ್ಬು. ಸರ್ಕಾರವೇ ಕ್ಲಬ್ಬುಗಳನ್ನು ವಶಕ್ಕೆ ತೆಗೆದುಕೊಂಡು, ದೇಶದ ತಂಡ ಒಟ್ಟಿಗೆ ಪಳಗಲಿ ಎಂಬ ಉದ್ದೇಶದಿಂದ ಅತ್ಯುತ್ತಮ ಆಟಗಾರರನ್ನು ಅಲ್ಲಿ ಕಲೆಹಾಕಿತ್ತು. ಅಂತಹ ಕ್ಲಬ್ಬು ದೇಶವನ್ನು ಪ್ರತಿನಿಧಿಸುತ್ತದೆ ಎಂದರೆ ಅಲ್ಲಗಳೆಯುವುದು ಕಷ್ಟ.

ಹೊನ್ವೇದ್ ಮೊದಲ ಹದಿನೈದು ನಿಮಿಷಗಳಲ್ಲೇ ಎರಡು ಗೋಲು ಹೊಡೆದಿತ್ತು. ವುಲ್ವ್ಸ್ ವ್ಯವಸ್ಥಾಪಕ ಸ್ಟ್ಯಾನ್ ಕಲಿಸ್ ಮೊದಲೇ ಅಂಗಣಕ್ಕೆ ನೀರು ಹಾಯಿಸಿದ್ದರು. ಕೆಸರು ಆಳವಾದಂತೆ ಹಂಗರಿಯವರ ಚುರುಕಾದ ಪಾಸುಗಳು ನೆಲಕ್ಕೆ ಅಂಟಿಕೊಳ್ಳತೊಡಗಿದವು. ವಿರಾಮದ ಬಳಿಕ ಜಾನಿ ಹ್ಯಾನ್‌ಕಾಕ್ಸ್ ಪೆನಾಲ್ಟಿ ಹೊಡೆದರು, ರಾಯ್ ಸ್ವಿನ್‌ಬರ್ನ್ ಎರಡು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದರು, ವುಲ್ವ್ಸ್ 3–2ರಿಂದ ಗೆದ್ದಿತು. ಉತ್ತರಾರ್ಧವನ್ನು ಬಿಬಿಸಿ ನೇರ ಪ್ರಸಾರ ಮಾಡಿದ್ದರಿಂದ ವೆಂಬ್ಲಿಯ ಗಾಯ ಮಾಯದಿದ್ದ ಇಡೀ ದೇಶ ಅದನ್ನು ನೋಡಿತು, ಮತ್ತು ಇಂಗ್ಲಿಷ್ ಪತ್ರಿಕೆಗಳು ವುಲ್ವ್ಸ್ ತಂಡಕ್ಕೆ ವಿಶ್ವ ಚಾಂಪಿಯನ್ ಪಟ್ಟ ಕಟ್ಟಿದವು. ಅದನ್ನು ಓದಿದ ಫ್ರೆಂಚ್ ಪತ್ರಕರ್ತ ಗ್ಯಾಬ್ರಿಯೆಲ್ ಹಾನೊ, ವುಲ್ವ್ಸ್ ಮಾಸ್ಕೋಗೂ ಬುಡಾಪೆಸ್ಟ್‌ಗೂ ಹೋಗಿ ಆಡಿ ತೋರಿಸಲಿ, ಆಮೇಲೆ ನೋಡೋಣ ಎಂಬ ಅರ್ಥದಲ್ಲಿ ಬರೆದರು. ಆ ವಾದದಿಂದಲೇ ಮುಂದಿನ ವರ್ಷ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಆರಂಭವಾಯಿತು. ಸೌಹಾರ್ದ ಪಂದ್ಯದಿಂದ ದೇಶದೇಶಗಳ ಬಲಾಬಲ ತೀರ್ಮಾನವಾಗುವುದಿಲ್ಲ ಎಂಬುದು ಅಂದಿಗೇ ಅರ್ಥವಾಗಿತ್ತು; ಅದಕ್ಕೆಂದೇ ಬೇರೆ ಸ್ಪರ್ಧೆ ಬೇಕಾಯಿತು.

ಇಂದಿನ ದೊಡ್ಡ ಕ್ಲಬ್ಬುಗಳು ಹೊನ್ವೇದ್‌ನಂತೆ ಇಲ್ಲ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ಆಟಗಾರರೆಲ್ಲ ಗ್ಲಾಸ್ಗೊ ನಗರದ ಸುತ್ತ ಮೂವತ್ತು ಮೈಲಿಯೊಳಗೆ ಹುಟ್ಟಿದವರು. 1999ರ ಡಿಸೆಂಬರ್ 26ರಂದು ಚೆಲ್ಸಿ ಕಣಕ್ಕಿಳಿಸಿದ ಹನ್ನೊಂದು ಮಂದಿಯಲ್ಲಿ ಒಬ್ಬರೂ ಬ್ರಿಟಿಷರಿರಲಿಲ್ಲ. ಇಂಗ್ಲಿಷ್ ಲೀಗಿನಲ್ಲಿ ಹಾಗಾದದ್ದು ಅದೇ ಮೊದಲು. ಆ ಮೇಲೆ ಮಾಲೀಕತ್ವವೂ ಗಡಿ ದಾಟಿತು: ಪ್ಯಾರಿಸ್ ಸೇಂಟ್ ಜರ್ಮೇನ್ 2011ರಲ್ಲಿ ಕತಾರಿನ ಕೈ ಸೇರಿತು, ನ್ಯೂಕ್ಯಾಸಲ್ 2021ರಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ನೇತೃತ್ವದ ಗುಂಪಿನ ಪಾಲಾಯಿತು. ಆಟಗಾರರು ಒಂದು ಕಡೆಯವರು, ಬಂಡವಾಳ ಇನ್ನೊಂದು ಕಡೆಯದು, ಬೇಸಿಗೆಯ ಪಂದ್ಯ ಮೂರನೆಯ ಕಡೆ. ಇಂತಹ ಕ್ಲಬ್ಬಿಗೆ ಒಂದು ದೇಶದ ಹೆಸರು ಅಂಟಿಸಬೇಕೆಂದರೆ ಯಾವ ದೇಶದ್ದನ್ನು ಅಂಟಿಸುವುದು? ಕ್ಲಬ್ಬು ಪ್ರತಿನಿಧಿಸುವುದು ತನ್ನ ಊರನ್ನು, ತನ್ನ ಬೆಂಬಲಿಗರನ್ನು, ತನ್ನ ಚರಿತ್ರೆಯನ್ನು. ಅದೇನೂ ಸಣ್ಣ ಸಂಗತಿಯಲ್ಲ, ಮತ್ತು ಅದಕ್ಕೆ ದೇಶದ ಹೆಸರಿನ ಆಸರೆ ಬೇಕಿಲ್ಲ.

2014ರ ಆಗಸ್ಟ್ 2ರಂದು ಮಿಶಿಗನ್‌ನ ಆನ್ ಆರ್ಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ರಿಯಲ್ ಮ್ಯಾಡ್ರಿಡ್ ಆಡಿದ ಪ್ರದರ್ಶನ ಪಂದ್ಯಕ್ಕೆ 1,09,318 ಜನ ಸೇರಿದ್ದರು. ಯುನೈಟೆಡ್ 3–1ರಿಂದ ಗೆದ್ದಿತು. ಇಂಗ್ಲೆಂಡ್ ಸ್ಪೇನನ್ನು ಸೋಲಿಸಿತು ಎಂದು ಆ ಲಕ್ಷ ಜನರಲ್ಲಿ ಯಾರಿಗಾದರೂ ಅನ್ನಿಸಿದ್ದೀತೆಂದು ನನಗೆ ತೋರುವುದಿಲ್ಲ. ಅವರು ಎರಡು ದೊಡ್ಡ ಹೆಸರುಗಳನ್ನು ಕಣ್ಣಾರೆ ನೋಡಲು ಬಂದಿದ್ದರು, ನೋಡಿ ಹೋದರು. ಎರಡೂ ಕಡೆ ಕ್ಲಬ್ಬುಗಳೇ ಇದ್ದಾಗ ದೇಶದ ಮಾತು ಬರುವುದು ಕಡಿಮೆ.

ಒಂದು ಕಡೆ ಕ್ಲಬ್ಬು, ಇನ್ನೊಂದು ಕಡೆ ಆತಿಥೇಯ ದೇಶದ ಆಯ್ದ ತಂಡ ಇದ್ದಾಗ ಚಿತ್ರ ಪೂರ್ತಿ ಬದಲಾಗುತ್ತದೆ, ಮತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅಲ್ಲಿ ಪ್ರಾತಿನಿಧ್ಯ ಇರುತ್ತದೆ, ಆದರೆ ಒಂದೇ ಕಡೆ ಇರುತ್ತದೆ. ಬಂದವರು ತಮ್ಮ ಕ್ಲಬ್ಬಿಗಾಗಿ, ತಮ್ಮ ದೈಹಿಕ ಸಿದ್ಧತೆಗಾಗಿ, ಒಪ್ಪಂದದ ಹಣಕ್ಕಾಗಿ ಆಡುತ್ತಾರೆ. ಎದುರಿಗಿರುವವರು ತಮ್ಮ ದೇಶಕ್ಕಾಗಿ ಆಡುತ್ತಾರೆ. ನಾವು ಅದನ್ನು ತಲೆಕೆಳಗಾಗಿ ನೋಡುತ್ತೇವೆ: ಪ್ರಸಿದ್ಧ ಕ್ಲಬ್ಬೇ ತನ್ನ ದೇಶದ ರಾಯಭಾರಿ, ಆತಿಥೇಯ ತಂಡ ಅದಕ್ಕೊಂದು ಅಭ್ಯಾಸದ ಸಾಧನ ಎಂದುಕೊಳ್ಳುತ್ತೇವೆ.

ಇದಕ್ಕೆ ಅದೇ ಇಂಟರ್ ಮಯಾಮಿಯ ಪ್ರವಾಸದಲ್ಲೇ ಉದಾಹರಣೆಯಿದೆ. ಹಾಂಗ್‌ಕಾಂಗ್ ಪಂದ್ಯಕ್ಕೆ ಎರಡು ವಾರ ಮುನ್ನ, 2024ರ ಜನವರಿ 19ರಂದು, ಆ ಕ್ಲಬ್ಬು ಸಾನ್ ಸಾಲ್ವಡಾರ್‌ನಲ್ಲಿ ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡದೊಡನೆ ಆಡಿತು. ಮೆಸ್ಸಿ ಅಂದು ಪೂರ್ವಾರ್ಧ ಆಡಿದರು. ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಮಾರ್ಚ್‌ನಲ್ಲಿ ಚೀನಾದ ಪಂದ್ಯಗಳು ತಪ್ಪಿಹೋದ ಅರ್ಜೆಂಟೀನಾ ಅಮೆರಿಕದಲ್ಲಿ ಆಡಿತು, ಮತ್ತು ಅಲ್ಲಿ ಅದಕ್ಕೆ ಎದುರಾದದ್ದು ಅದೇ ಎಲ್ ಸಾಲ್ವಡಾರ್. ಈ ಸಲ ಗಾಯದಿಂದಾಗಿ ಮೆಸ್ಸಿ ಆಡಲಿಲ್ಲ; ಅರ್ಜೆಂಟೀನಾ 3–0ರಿಂದ ಗೆದ್ದಿತು. ಜನವರಿಯಲ್ಲಿ ಮೆಸ್ಸಿ ಇದ್ದರು, ಅರ್ಜೆಂಟೀನಾ ಇರಲಿಲ್ಲ. ಮಾರ್ಚ್‌ನಲ್ಲಿ ಅರ್ಜೆಂಟೀನಾ ಇತ್ತು, ಮೆಸ್ಸಿ ಇರಲಿಲ್ಲ. ಎಲ್ ಸಾಲ್ವಡಾರ್ ಎರಡೂ ಸಲ ಎಲ್ ಸಾಲ್ವಡಾರ್ ಆಗಿಯೇ ಆಡಿತು. ಆದರೆ ತವರಿನಲ್ಲಿ ಅದು ಗೋಲು ಬಿಟ್ಟುಕೊಡದೆ ಆಡಿದ ಪಂದ್ಯ ಶ್ರೇಯಾಂಕದಲ್ಲಿ ಕಾಣಿಸುವುದಿಲ್ಲ, ಸೋತ ಪಂದ್ಯ ಮಾತ್ರ ಕಾಣಿಸುತ್ತದೆ.

ಹಾಗಾದರೆ ಪ್ರೇಕ್ಷಕನಿಗೆ ಅನ್ಯಾಯವಾದಾಗ ಯಾರನ್ನು ಕೇಳಬೇಕು? 2019ರ ಜುಲೈನಲ್ಲಿ ಸೋಲ್ ನಗರದಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬು ಕೊರಿಯಾದ ಲೀಗಿನ ಆಯ್ದ ತಂಡದೊಡನೆ ಆಡಿ 3–3ರ ಡ್ರಾ ಮಾಡಿಕೊಂಡಾಗ ಅದರ ಪೋರ್ಚುಗಲ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ ಬೆಂಚಿನಿಂದ ಎದ್ದು ಬರಲೇ ಇಲ್ಲ. ಅಲ್ಲಿನ ಅಭಿಮಾನಿಗಳು ನ್ಯಾಯಾಲಯಕ್ಕೆ ಹೋದರು, ಪಂದ್ಯದ ಸಂಘಟಕರು ಪರಿಹಾರ ಕೊಡಬೇಕೆಂದು ನ್ಯಾಯಾಲಯ ತೀರ್ಪು ನೀಡಿತು. ಅದನ್ನು ಪೋರ್ಚುಗಲ್ ಮಾಡಿದ ಅವಮಾನವೆಂದಾಗಲಿ ಇಟಲಿ ಮಾಡಿದ ದ್ರೋಹವೆಂದಾಗಲಿ ಯಾವ ನ್ಯಾಯಾಧೀಶರೂ ಎಣಿಸಲಿಲ್ಲ. ಹಣ ಪಡೆದವನು ಹೇಳಿದ್ದನ್ನು ಕೊಡಲಿಲ್ಲ, ಅಷ್ಟೇ ವಿಚಾರ. ಹಾಂಗ್‌ಕಾಂಗ್‌ನಲ್ಲಿಯೂ ಸಂಘಟಕರು ಕೊನೆಗೆ ಟಿಕೆಟ್ಟಿನ ಅರ್ಧ ಹಣ ಮರಳಿಸುವುದಾಗಿ ಹೇಳಿದರು. ವಿಷಯ ಅಲ್ಲಿಗೇ ನಿಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕ್ಲಬ್ಬಿನ ಪಂದ್ಯವನ್ನು ದೇಶದ ಪಂದ್ಯವೆಂದು ಭಾವಿಸಿದ್ದರಿಂದ, ತಪ್ಪು ಮಾಡದ ನೈಜೀರಿಯಾದ ಆಟಗಾರರ ಪಂದ್ಯವೂ ತಪ್ಪಿತು.

ದೇಶದ ಹೊಣೆಯನ್ನು ಕ್ಲಬ್ಬುಗಳು ತಾವಾಗಿಯೇ ಹೊತ್ತ ಉದಾಹರಣೆಗಳೂ ಇವೆ ಎಂಬುದನ್ನು ನಾನು ಮರೆತಿಲ್ಲ. 1909ರಲ್ಲಿ ಟುರಿನ್‌ನಲ್ಲಿ ಥಾಮಸ್ ಲಿಪ್ಟನ್ ಹೆಸರಿನ ಟ್ರೋಫಿಗಾಗಿ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಆಡಿದಾಗ, ಇಂಗ್ಲೆಂಡಿನ ಸಂಸ್ಥೆ ತಂಡ ಕಳುಹಿಸಲು ಒಪ್ಪದಿದ್ದುದರಿಂದ ಡರ್‌ಹ್ಯಾಮ್ ಪ್ರಾಂತದ ವೆಸ್ಟ್ ಆಕ್ಲೆಂಡ್ ಎಂಬ ಹವ್ಯಾಸಿ ಕ್ಲಬ್ಬು ಹೋಯಿತು. ಕಲ್ಲಿದ್ದಲ ಗಣಿಯ ಕಾರ್ಮಿಕರಿದ್ದ ಆ ತಂಡ ಟ್ರೋಫಿ ಗೆದ್ದಿತು. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ ಅನ್ನು 6–1ರಿಂದ ಸೋಲಿಸಿ ಅದನ್ನು ಉಳಿಸಿಕೊಂಡಿತು. 1978ರಲ್ಲಿ ಚೀನಾ ಪ್ರವಾಸ ಮಾಡಿದ ಮೊದಲ ಬ್ರಿಟಿಷ್ ವೃತ್ತಿಪರ ತಂಡ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್. ಇಂತಹ ಕಡೆ ದೇಶದ ಪರವಾಗಿ ನಿಲ್ಲಲು ಬೇರೆ ಯಾರೂ ಇರಲಿಲ್ಲ, ಕ್ಲಬ್ಬು ನಿಂತಿತು. ಖಾಲಿ ಬಿದ್ದ ಜಾಗದಲ್ಲಿ ನಿಲ್ಲುವುದಕ್ಕೂ, ರಾಷ್ಟ್ರೀಯ ತಂಡವೊಂದು ತನ್ನ ಪಾಡಿಗೆ ಆಡುತ್ತಿರುವಾಗ ಅದರ ಹೆಸರನ್ನು ಕ್ಲಬ್ಬಿಗೆ ಹಚ್ಚುವುದಕ್ಕೂ ಬಹಳ ವ್ಯತ್ಯಾಸವಿದೆ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಎರಡು ಪ್ರವಾಸಗಳನ್ನು ನಾನು ಯಾವಾಗಲೂ ಜೊತೆಗಿಟ್ಟು ನೋಡುತ್ತೇನೆ. 2025ರ ಮೇ 28ರಂದು, ಋತು ಮುಗಿದ ಕೂಡಲೇ, ಕೌಲಾಲಂಪುರದ ಬುಕಿತ್ ಜಲೀಲ್ ಅಂಗಣದಲ್ಲಿ ಆ ಕ್ಲಬ್ಬು ಆಗ್ನೇಯ ಏಷ್ಯಾದ ಆಯ್ದ ತಂಡದೆದುರು 0–1ರಿಂದ ಸೋತಿತು. ಗೋಲು ಹೊಡೆದವರು ಮ್ಯಾನ್ಮಾರ್‌ನ ಮೌಂಗ್ ಮೌಂಗ್ ಲ್ವಿನ್. ಯುನೈಟೆಡ್ ಅನ್ನು ನೋಡಲೆಂದೇ ಬಂದಿದ್ದ ಜನ ಕೊನೆಗೆ ಅದರ ಆಟವನ್ನು ಕಂಡು ಛೀಮಾರಿ ಹಾಕಿದರು. ಸೋತದ್ದು ಇಂಗ್ಲೆಂಡ್ ಎಂದು ಯಾರೂ ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಗೆದ್ದವರ ಕಡೆ ಮಾತ್ರ ಹಲವು ದೇಶಗಳಿದ್ದವು.

ಇನ್ನೊಂದು 2009ರದು. ಆ ವರ್ಷದ ಜುಲೈ 20ರಂದು ಯುನೈಟೆಡ್ ಜಕಾರ್ತದಲ್ಲಿ ಇಂಡೋನೇಷ್ಯಾದ ಆಯ್ದ ತಂಡದ ವಿರುದ್ಧ ಆಡಬೇಕಿತ್ತು. 17ರ ಬೆಳಗ್ಗೆ ಆ ನಗರದ ಎರಡು ಹೋಟೆಲುಗಳಲ್ಲಿ ಬಾಂಬು ಸಿಡಿಯಿತು. ಅದರಲ್ಲಿ ಒಂದು ಯುನೈಟೆಡ್ ಆಟಗಾರರು ಇಳಿದುಕೊಳ್ಳಬೇಕಿದ್ದ ಹೋಟೆಲ್. ಪಂದ್ಯ ರದ್ದಾಯಿತು, ಆಗಲೇಬೇಕಿತ್ತು. ಯುನೈಟೆಡ್ ಮಲೇಷ್ಯಾದಲ್ಲೇ ಉಳಿದು, 18ರಂದು ಅಲ್ಲಿನ ಆಯ್ದ ತಂಡವನ್ನು 3–2ರಿಂದ ಸೋಲಿಸಿ, ಜಕಾರ್ತದ ಪಂದ್ಯ ನಡೆಯಬೇಕಿದ್ದ ದಿನ ಅದೇ ತಂಡದೊಡನೆ ಎರಡನೆಯ ಸಲ ಆಡಿ 2–0ರಿಂದ ಗೆದ್ದಿತು. ಕ್ಲಬ್ಬಿಗೆ ಒಂದು ದೇಶದ ಎದುರಾಳಿಯ ಬದಲು ಇನ್ನೊಂದು ದೇಶದ ಎದುರಾಳಿ ಸಿಕ್ಕಿತು, ಸಿದ್ಧತೆ ನಿಲ್ಲಲಿಲ್ಲ. ತಮ್ಮ ದೇಶದ ಹೆಸರಿನಲ್ಲಿ, ತಮ್ಮ ಜನರೆದುರು ಆಡಲು ತಯಾರಾಗಿದ್ದ ಇಂಡೋನೇಷ್ಯಾದ ಆಟಗಾರರಿಗೆ ಆ ಪ್ರವಾಸದಲ್ಲಿ ಬದಲಿ ಪಂದ್ಯ ಸಿಗಲಿಲ್ಲ.